ಕೇಳಿ, ಹೇಳುತ್ತೇವೆ: ಗಾಯಕಿಯರ ಕಂಠದ ಇಂಪು ಎಲ್ಲಿದೆ?

ಪ್ರಶ್ನೆ: ಎಸ್. ಜಾನಕಿ, ಪಿ. ಸುಶೀಲಾ, ವಾಣಿ ಜಯರಾಂ ಮೂವರೂ ನನಗೆ ಅಚ್ಚುಮೆಚ್ಚು. ಮೂವರದೂ ತಾರಸ್ಥಾಯಿಯಲ್ಲಿ (ಮೇಲಿನ ಸ್ವರಗಳಲ್ಲಿ) ಸಲೀಸಾಗಿ ಓಡಾಡುವ ಕಂಠ. ಆದರೂ ಅರ್ಧ ಸಾಲು ಕಿವಿಗೆ ಬಿದ್ದರೆ ಸಾಕು, ಯಾರೆಂದು ಗೊತ್ತಾಗಿಬಿಡುತ್ತದೆ. ಇದು ಹೇಗೆ?

ಉತ್ತರ: ಮೂವರೂ ಒಂದೇ ಸ್ವರ ಹಾಡಿದರೆ ಧ್ವನಿತಂತುಗಳು ಕಂಪಿಸುವ ವೇಗ ಮೂವರಲ್ಲೂ ಒಂದೇ. ಆ ನಾದದ ಯಾವ ಭಾಗವನ್ನು ಗಂಟಲು, ಬಾಯಿ, ನಾಲಿಗೆ ಎತ್ತಿ ತೋರಿಸುತ್ತವೆ, ಯಾವುದನ್ನು ಅಡಗಿಸುತ್ತವೆ ಎಂಬುದರಲ್ಲಿ ವ್ಯತ್ಯಾಸ. ಇದು ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಆದರೆ ನಮ್ಮನ್ನು ಹಿಡಿದು ನಿಲ್ಲಿಸುವ ಗುಣ ಬೇರೆಯೇ ಇದೆ. ಪದವನ್ನು ಹೇಗೆ ಎತ್ತಿಕೊಂಡರು, ಹೇಗೆ ಬಿಟ್ಟರು, ನಡುವೆ ಉಸಿರನ್ನು ಎಷ್ಟು ಕೇಳಿಸಿದರು? ಇದೆಲ್ಲ ಕಲಿತು ಬಂದದ್ದು. ಗಾಯಕಿಯ ಸಹಿ ಇರುವುದು ಇಲ್ಲೇ.

ಸುಶೀಲಾ ಅವರಲ್ಲಿ ನಾದ ಅಕ್ಷರದ ತುದಿಯವರೆಗೂ ಒಂದೇ ತೂಕದಲ್ಲಿರುತ್ತದೆ. ದೀರ್ಘಾಕ್ಷರ ಎಳೆದಾಗ ಉಸಿರು ಸೋರುವುದಿಲ್ಲ, ಸ್ವರ ಜಗ್ಗುವುದಿಲ್ಲ. ವಾಣಿ ಜಯರಾಂ ಅವರದು ಖಚಿತತೆಯ ಚೆಲುವು. ಕರ್ನಾಟಕ ಸಂಗೀತದ ಪಾಠದ ಜೊತೆಗೆ ಉಸ್ತಾದ್ ಅಬ್ದುಲ್ ರೆಹಮಾನ್ ಖಾನ್ ಅವರಲ್ಲಿ ಹಿಂದೂಸ್ತಾನಿಯನ್ನೂ ಕಲಿತವರು. 1971ರ ‘ಗುಡ್ಡಿ’ ಚಿತ್ರಕ್ಕೆ ಅವರು ಹಾಡಿದ ‘ಬೋಲೆ ರೇ ಪಪಿಹರಾ’ ಮಿಯಾ ಕಿ ಮಲ್ಹಾರ್ ರಾಗದ್ದು. ಆ ರಾಗದಲ್ಲಿ ಎರಡೂ ನಿಷಾದಗಳು (‘ನಿ’ ಸ್ವರದ ಎರಡು ರೂಪಗಳು) ಅಕ್ಕಪಕ್ಕ ಬರುತ್ತವೆ. ಕೊಂಚ ಎಡವಿದರೂ ಎರಡೂ ಕಲಸಿಹೋಗುತ್ತವೆ, ಇವರಲ್ಲಿ ಒಂದೊಂದೂ ಬೇರೆಯಾಗಿ ನಿಲ್ಲುತ್ತದೆ.

ಜಾನಕಿಯವರು ಉಸಿರನ್ನೇ ಬಣ್ಣವಾಗಿ ಬಳಸುತ್ತಾರೆ. ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ‘ವಿರಹಾ’ ಹಾಡನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲ ಪದದ ಕೊನೆಯ ‘ಹಾ’ ಮೇಲೆ ಗಮನವಿಡಿ. ‘ಹ’ಕಾರ ಎಂದರೇ ಉಸಿರು. ಅಲ್ಲಿ ನಾದ ಎಷ್ಟು, ಉಸಿರು ಎಷ್ಟು ಎಂಬ ಪಾಕದಲ್ಲೇ ಇಡೀ ಹಾಡಿನ ಭಾವ ಇದೆ. ಮಗುವಿನ ದನಿಯಲ್ಲಿ ಅವರು ಹಾಡಿರುವುದರ ಹಿಂದೆಯೂ ಲೆಕ್ಕವಿದೆ. ಧ್ವನಿಪೆಟ್ಟಿಗೆಯನ್ನು ಮೇಲಕ್ಕೆತ್ತಿ, ತುಟಿಯನ್ನು ನಗುವಿನಂತೆ ಅಗಲಿಸಿದರೆ ಗಂಟಲಿನಿಂದ ತುಟಿಯವರೆಗಿನ ನಾಳ ಗಿಡ್ಡವಾಗುತ್ತದೆ, ದನಿ ಎಳೆಯದಾಗಿ ಕೇಳುತ್ತದೆ. ಈ ಭಂಗಿಯಲ್ಲಿದ್ದೂ ಶ್ರುತಿ ಬಿಡದಿರುವುದು ಮಹಾ ಕಷ್ಟ. ಈ ಕಾರಣಕ್ಕೇ ನಮ್ಮ ಪಟ್ಟಿಯಲ್ಲಿ ಜಾನಕಿಯವರೇ ಮೊದಲು.

ನೀವೇ ಪರೀಕ್ಷಿಸಬೇಕೆಂದಿದ್ದರೆ 20–30 ಸೆಕೆಂಡಿನ ಒಂದೇ ತುಣುಕನ್ನು ಮೂರು ಸಲ ಕೇಳಿ. ಮೊದಲ ಸಲ ಪದಗಳ ಆರಂಭ ಮಾತ್ರ, ಎರಡನೆಯ ಸಲ ಪದಗಳ ಕೊನೆ ಮಾತ್ರ, ಮೂರನೆಯ ಸಲ ಉಸಿರು ತೆಗೆದುಕೊಂಡ ಜಾಗಗಳು ಮಾತ್ರ. ಹಾಡು ಪೂರ್ತಿ ಕೇಳುತ್ತಾ ಹೋದರೆ ರಾಗ ನಮ್ಮನ್ನು ಸೆಳೆದುಕೊಂಡುಬಿಡುತ್ತದೆ, ಕಂಠದ ಕೆಲಸ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಹೆಣ್ಣಿನ ಕಂಠವೆಂದರೆ ತೆಳುವಾಗಿ, ಮಧುರವಾಗಿರಬೇಕು ಎನ್ನುತ್ತಾರೆ. ಹಾಗಾದರೆ ಗಂಗೂಬಾಯಿ ಹಾನಗಲ್ ಅವರ ಕಂಠ ನನಗೇಕೆ ಇಷ್ಟೊಂದು ಇಷ್ಟ?

ಉತ್ತರ: ಇಂಪು ತೆಳುದನಿಯ ಗುತ್ತಿಗೆಯಲ್ಲ. ಗಂಗೂಬಾಯಿಯವರ (1913–2009) ಆರಂಭದ ರೆಕಾರ್ಡುಗಳಲ್ಲಿ ಎತ್ತರದ, ಚೂಪಾದ ದನಿಯೇ ಇದೆ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡಸಿನ ದನಿಯಷ್ಟು ಭಾರವಾಯಿತು. ಗುರು ಸವಾಯಿ ಗಂಧರ್ವರಿಂದ ಬಂದ ಕಿರಾಣಾ ಎಂಬ ಹಿಂದೂಸ್ತಾನಿ ಗಾಯನ ಪದ್ಧತಿಯಲ್ಲಿ ಒಂದು ಸ್ವರದ ಮೇಲೆ ನಿಧಾನವಾಗಿ ನಿಂತು, ಅದನ್ನು ತುಂಬಿಸಿ, ಆಮೇಲೆ ಮುಂದಕ್ಕೆ ಹೋಗುವ ರೂಢಿ. ಹೀಗೆ ನಿಲ್ಲುವಾಗ ಧ್ವನಿತಂತುಗಳು ಗಟ್ಟಿಯಾಗಿ ಮುಚ್ಚಿಕೊಂಡು ಕಂಪಿಸುವುದರಿಂದ ಮೂಲಸ್ವರದ ಜೊತೆಗೆ ಅದರೊಡನೆ ಹುಟ್ಟುವ ಮೇಲಿನ ಸಣ್ಣ ಸ್ವರಗಳೂ (ಅನುಸ್ವರಗಳು) ದಂಡಿಯಾಗಿ ಹೊಮ್ಮುತ್ತವೆ. ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ಬಂದು ನಿಂತಾಗ ತಂಬೂರಿಯೂ ಕಂಠವೂ ಒಂದೇ ಆದಂತೆ ಅನಿಸುವುದು ಇದರಿಂದ. ನಿಮಗೆ ಹಿಡಿಸಿರುವುದು ಬಹುಶಃ ಆ ತುಂಬುತನ.

ಘಜಲ್ ಗಾಯಕಿ ಬೇಗಂ ಅಖ್ತರ್ (1914–1974) ಅವರಲ್ಲಿ ಇನ್ನೊಂದು ಬಗೆ. ಮೇಲಿನ ಸ್ವರ ಮುಟ್ಟುವಾಗ ದನಿ ಒಂದು ಕ್ಷಣ ಸೀಳುತ್ತದೆ. ಶಾಸ್ತ್ರದ ಕಣ್ಣಲ್ಲಿ ಅದು ದೋಷ. ಎದೆದನಿಯಿಂದ ಮೇಲುದನಿಗೆ ದಾಟುವ ಕಡೆ ತಂತುಗಳ ಹಿಡಿತ ತಪ್ಪಿದಾಗ ಹೀಗಾಗುತ್ತದೆ. ಘಜಲಿನಲ್ಲಿ ಮಾತಿನ ನೋವು ತುದಿ ಮುಟ್ಟುವಲ್ಲಿ ಅದು ಬರುತ್ತಿದ್ದುದರಿಂದ ಕೇಳುಗರು ಅದಕ್ಕಾಗಿಯೇ ಕಾಯುತ್ತಿದ್ದರು. ಬೇಕೆಂದೇ ಸೀಳಿಸಿ ಅನುಕರಿಸುವವರ ದನಿಯಲ್ಲಿ ಮಾತ್ರ ಅದು ಬರಿಯ ಕೀರಲಾಗುತ್ತದೆ.

ಪ್ರಶ್ನೆ: ಹಳೆಯ ಗಾಯಕಿಯರ ದನಿಯಲ್ಲಿ ಬರುವ ನಡುಕವೂ ಗಮಕವೂ ಒಂದೇನಾ?

ಉತ್ತರ: ಅಲ್ಲ. ಗಮಕವೆಂದರೆ ರಾಗಕ್ಕೆ ಬೇಕಾದ ಸ್ವರದ ಚಲನೆ, ಎಲ್ಲಿಂದ ಎಲ್ಲಿಗೆ ಎಂಬುದು ಗೊತ್ತುಮಾಡಿದ್ದು. ನಡುಕ ತಾನಾಗಿ ಬರುವುದು. ಸೆಕೆಂಡಿಗೆ 5ರಿಂದ 7 ಸಲ, ಕಿರಿದಾಗಿ ಬಂದರೆ ಕಿವಿಗೆ ಹಿತ. ವಯಸ್ಸಾದಂತೆ ನಿಧಾನವಾಗಿ ಅಗಲವಾದರೆ ಸ್ವರ ಯಾವುದೆಂದೇ ತಿಳಿಯದಂತಾಗುತ್ತದೆ.

ಪ್ರಶ್ನೆ: 13 ವರ್ಷದ ಮಗಳಿಗೆ ಶ್ರೇಯಾ ಘೋಷಾಲ್, ಚಿತ್ರಾ ಎಂದರೆ ಪ್ರಾಣ. ಅವರ ಹಾಡುಗಳನ್ನು ಕರೋಕೆಯಲ್ಲಿ ಮೂಲ ಶ್ರುತಿಯಲ್ಲೇ ಹಾಡುತ್ತಾಳೆ. ಮೇಲಿನ ಸ್ವರದಲ್ಲಿ ಕಿರುಚಿದಂತಾಗುತ್ತದೆ, ಮರುದಿನ ಗಂಟಲು ಕಟ್ಟುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಶ್ರುತಿ ಇಳಿಸಿ. ಆ ಹಾಡುಗಳನ್ನು ಕೂರಿಸಿರುವುದು ಆ ಗಾಯಕಿಯರ ಅಳತೆಗೆ, ನಿಮ್ಮ ಮಗಳ ಅಳತೆಗಲ್ಲ. ಈ ವಯಸ್ಸಿನಲ್ಲಿ ಹುಡುಗಿಯರ ದನಿಯೂ ಒಡೆಯುತ್ತದೆ, ಹುಡುಗರಷ್ಟು ಎದ್ದು ಕಾಣುವುದಿಲ್ಲ ಅಷ್ಟೆ. ಧ್ವನಿತಂತುಗಳ ಹಿಂಬದಿ ಸ್ವಲ್ಪ ಕಾಲ ಪೂರ್ತಿ ಮುಚ್ಚಿಕೊಳ್ಳದೆ ದನಿಯಲ್ಲಿ ಗಾಳಿ ಸೇರುತ್ತದೆ. ಅದನ್ನು ಜೋರು ಮಾಡಿ ಮುಚ್ಚಲು ಹೋದಾಗಲೇ ಗಂಟಲು ಕಟ್ಟುವುದು.

ಅವಳ ಶ್ರುತಿ ಗೊತ್ತುಮಾಡುವುದು ಸುಲಭ. ಕೀಬೋರ್ಡಿನಲ್ಲಿ ಒಂದೊಂದೇ ಕೀ ಕೆಳಗಿಳಿಯುತ್ತಾ, ಒತ್ತಡವಿಲ್ಲದೆ ಸ್ಪಷ್ಟವಾಗಿ ಕೇಳುವ ತೀರಾ ಕೆಳಗಿನ ಸ್ವರ ಯಾವುದೆಂದು ನೋಡಿ. ಅದನ್ನು ಮಂದ್ರ ಪಂಚಮ (ಕೆಳಸ್ಥಾಯಿಯ ‘ಪ’) ಎಂದಿಟ್ಟುಕೊಳ್ಳಿ. ಅಲ್ಲಿಂದ ಕಪ್ಪು, ಬಿಳಿ ಎರಡನ್ನೂ ಎಣಿಸುತ್ತಾ 5 ಕೀ ಮೇಲೆ ಹೋದರೆ ಅವಳ ಷಡ್ಜ. ಆ ಷಡ್ಜದಿಂದ 19 ಕೀ ಮೇಲಿರುವ ತಾರ ಪಂಚಮ ಆಯಾಸವಿಲ್ಲದೆ ಮುಟ್ಟಿದರೆ ಶ್ರುತಿ ಸರಿ. ಮುಟ್ಟದಿದ್ದರೆ ಸದ್ಯಕ್ಕೆ ತಾರ ಮಧ್ಯಮದವರೆಗೆ (ಮೇಲಿನ ‘ಮ’) ಹೋಗುವ ಹಾಡು ಆರಿಸಿಕೊಳ್ಳಲಿ. ಅದಕ್ಕಾಗಿ ಷಡ್ಜವನ್ನು ಇನ್ನೂ ಇಳಿಸಿದರೆ ಮಂದ್ರದಲ್ಲಿ ದನಿಯೇ ಹೊರಡುವುದಿಲ್ಲ.

ಕರೋಕೆ ಆ್ಯಪಿನಲ್ಲಿ ಪಿಚ್ ಒಂದು ಅಂಕಿ ಇಳಿಸಿದರೆ ಅರ್ಧ ಸ್ವರ, ಅಂದರೆ ಒಂದು ಕೀ, ಇಳಿಯುತ್ತದೆ. ಎರಡರಿಂದ ನಾಲ್ಕು ಅಂಕಿ ಇಳಿಸಿ ನೋಡಿ, ಲಯದ ಅಂಕಿ ಮುಟ್ಟಬೇಡಿ. ನಾಲ್ಕಕ್ಕಿಂತ ಹೆಚ್ಚಾದರೆ ವಾದ್ಯಗಳ ದನಿಯೇ ಕೆಡುತ್ತದೆ.

ಹಾಡುವಾಗ ಗದ್ದ ಮೇಲೇಳುತ್ತದೆಯೇ, ಕತ್ತಿನ ನರ ಉಬ್ಬುತ್ತದೆಯೇ, ಸ್ವರ ಏರಿದಂತೆ ಜೋರೂ ಏರುತ್ತದೆಯೇ ನೋಡಿ. ಮೂರರಲ್ಲಿ ಒಂದಿದ್ದರೂ ಅಲ್ಲಿಗೆ ನಿಲ್ಲಿಸಿ. ಅಭ್ಯಾಸಕ್ಕೆ ಮುಂಚೆ ಲೋಟದ ನೀರಿನಲ್ಲಿ ಸ್ಟ್ರಾ ಸುಮಾರು 2 ಸೆಂ.ಮೀ. ಮುಳುಗಿಸಿ ‘ಊ’ ಎನ್ನುತ್ತಾ ಗುಳ್ಳೆ ಎಬ್ಬಿಸಲಿ. ಕೆಳಗಿನಿಂದ ಮೇಲಕ್ಕೆ ಜಾರುತ್ತಾ 3–5 ನಿಮಿಷ ಸಾಕು. ಬಾಯಿಯ ಕಡೆಯಿಂದ ಹಿಂದಕ್ಕೆ ಬರುವ ಒತ್ತಡ ತಂತುಗಳು ಒಂದಕ್ಕೊಂದು ಬಡಿಯುವುದನ್ನು ಮೆತ್ತಗಾಗಿಸುತ್ತದೆ. ಗುಳ್ಳೆ ನಡುವೆ ನಿಂತರೆ ಉಸಿರು ತುಂಡಾಯಿತೆಂದು ಅರ್ಥ.

ಶ್ರೇಯಾ ಅವರ ಪಿಸುದನಿಯ ಮೃದುತ್ವವನ್ನು ಈಗಲೇ ಅನುಕರಿಸಲು ಬಿಡಬೇಡಿ. ಅದು ಪೂರ್ತಿ ಮುಚ್ಚಬಲ್ಲ ಕಂಠ ಬೇಕೆಂದೇ ಸ್ವಲ್ಪ ತೆರೆದುಕೊಂಡದ್ದು. ಮುಚ್ಚುವುದು ಬಾರದೆ ತೆರೆಯುವುದನ್ನು ಕಲಿತರೆ ಉಸಿರು ಅರ್ಧ ಸಾಲಿಗೇ ಮುಗಿಯುತ್ತದೆ. ಚಿತ್ರಾ ಅವರಿಂದ ಕಲಿಯಬೇಕಾದ್ದು ಎತ್ತರದಲ್ಲೂ ಜೋರು ಮಾಡದ ಗುಣ. ಮೇಲಿನ ಸ್ವರಕ್ಕೆ ಹೋಗುವಾಗ ದನಿ ಇನ್ನೂ ಸಣ್ಣದಾಗುವುದನ್ನು ಅವಳಿಗೆ ಕೇಳಿಸಿ. ದನಿ ಒಡಕಲು ಎರಡು-ಮೂರು ವಾರ ಕಳೆದರೂ ಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು.

ಪ್ರಶ್ನೆ: ತಾರಸ್ಥಾಯಿಯಲ್ಲಿ ದೊಡ್ಡ ಗಾಯಕಿಯರ ಸಾಹಿತ್ಯವೂ ಕೆಲವೊಮ್ಮೆ ತಿಳಿಯುವುದಿಲ್ಲ. ಉಚ್ಚಾರದ ದೋಷವೇ?

ಉತ್ತರ: ಹೆಚ್ಚಿನ ಸಲ ಅಲ್ಲ. ‘ಇ’, ‘ಉ’ಗಳನ್ನು ನಾವು ಗುರುತಿಸುವುದು ಬಾಯಿಯೊಳಗೆ ಸುಮಾರು 300–400 ಹರ್ಟ್ಸ್ ಹತ್ತಿರ ಏಳುವ ಅನುರಣನದಿಂದ (ಮರುದನಿಯಿಂದ). ಷಡ್ಜ ಕಪ್ಪು ನಾಲ್ಕರಲ್ಲಿದ್ದರೆ (ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಕೀ) ತಾರ ಷಡ್ಜವೇ ಸುಮಾರು 415 ಹರ್ಟ್ಸ್. ಹಾಡುವ ಸ್ವರ ಅನುರಣನವನ್ನು ದಾಟಿಹೋದ ಮೇಲೆ ಅಕ್ಷರದ ಗುರುತೇ ಅಳಿಸುತ್ತದೆ. ಬಲ್ಲ ಗಾಯಕಿ ಅಲ್ಲಿ ದವಡೆಯನ್ನು ಕೊಂಚ ಇಳಿಸಿ ‘ಇ’ಯನ್ನು ‘ಎ’ ಕಡೆಗೆ ವಾಲಿಸಿ, ಹಿಂದುಮುಂದಿನ ವ್ಯಂಜನಗಳನ್ನು ಚುರುಕಾಗಿ ನುಡಿದು ಪದ ಉಳಿಸಿಕೊಳ್ಳುತ್ತಾಳೆ. ‘ಆ’ಕಾರಕ್ಕೆ ಈ ತೊಂದರೆ ಬಲು ಕಡಿಮೆ. ಎತ್ತರದ ಸ್ವರಕ್ಕೆ ‘ಆ’ ಬರುವಂತೆ ಸಾಹಿತ್ಯ ಕೂರಿಸುವ ಸಂಗೀತ ನಿರ್ದೇಶಕರಿಗೆ ಗಾಯಕಿಯರು ಋಣಿ.

ಪ್ರಶ್ನೆ: ರೆಕಾರ್ಡಿನಲ್ಲಿ ಕಿವಿಯ ಹತ್ತಿರ ಬಂದು ಹಾಡಿದಂತಿರುವ ಕಂಠ ವೇದಿಕೆಯಲ್ಲಿ ಬಡವಾಗಿ ಕೇಳುತ್ತದೆ. ಕಾರಣ?

ಉತ್ತರ: ಮೈಕಿನ ದೂರ. ಒಂದೇ ದಿಕ್ಕಿನಿಂದ ದನಿ ಹಿಡಿಯುವ ಮೈಕಿಗೆ ಹತ್ತಿರವಾದಷ್ಟೂ ತಗ್ಗಿನ ನಾದ ಉಬ್ಬುತ್ತದೆ, ತೆಳು ಕಂಠಕ್ಕೂ ಮೈ ಬರುತ್ತದೆ. ಸ್ಟುಡಿಯೊದಲ್ಲಿ 15–20 ಸೆಂ.ಮೀ. ದೂರದಲ್ಲಿ, ಮೈಕಿನ ಮುಂದಿನ ಗಾಳಿ ತಡೆಯುವ ಪರದೆಯ ಹಿಂದೆ, ಒಂದೇ ಜಾಗದಲ್ಲಿ ನಿಂತು ಹಾಡುತ್ತಾರೆ. ವೇದಿಕೆಯಲ್ಲಿ ಕೈ ಅಲುಗಿದಂತೆ ಈ ದೂರ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ನೀವೇ ಹಾಡುವಾಗ ಮೈಕನ್ನು ಬಾಯಿಗೆ ನೇರ ಹಿಡಿಯದೆ ತುಸು ಓರೆಯಾಗಿ ಹಿಡಿಯಿರಿ. ‘ಪ’, ‘ಬ’, ‘ಭ’ಗಳ ಗಾಳಿ ಪಕ್ಕಕ್ಕೆ ಹೋಗಿ ‘ಢಬ್’ ಎನ್ನುವುದು ತಪ್ಪುತ್ತದೆ. ಎತ್ತರದ ಸ್ವರ ಬಂದಾಗ ನಾಲ್ಕು ಬೆರಳಿನಷ್ಟು ದೂರ ಸರಿಸಿ, ಆ ಸಾಲು ಮುಗಿದ ಕೂಡಲೇ ಹಿಂದಿನ ಜಾಗಕ್ಕೆ ತನ್ನಿ.