ಗೋಲು ಯಾರ ಜೊತೆ ಬಂತು, ಅದನ್ನು ಕೇಳಿ

ಕೆನಡಾದ ಮಿಸ್ಸಿಸಾಗಾದಿಂದ ಓದುಗರೊಬ್ಬರು ಬರೆದಿದ್ದಾರೆ: "ನಾನೂ ಮಗನೂ ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಅಭಿಮಾನಿಗಳು. ಸೆಕೆಂಡ್ ಲೈನ್ ವಿಂಗರ್ ಸೀಸನ್‌ಗೆ 20 ಗೋಲು ಹೊಡೆದರೆ ವರ್ಷಕ್ಕೆ 5 ಮಿಲಿಯನ್ ಡಾಲರ್ ಕೊಡಬಹುದು ಅಂತ ನಾನು. ಸುಮ್ನೆ ಗೋಲು ಎಣಿಸಬೇಡಿ ಅಪ್ಪ ಅಂತ ಅವನು. ಯಾರು ಸರಿ?"

ಉತ್ತರ: ನಿಮ್ಮ ಮಗ ಸರಿ. ಆದರೆ ನೀವು ಹೇಳಿದ ಮೊತ್ತವೂ ಜಾಸ್ತಿಯೇನಲ್ಲ.

ಬೇರೆ ಓದುಗರಿಗಾಗಿ ಒಂದು ಮಾತು. ಇದು ಐಸ್ ಹಾಕಿ. ಒಬ್ಬ ಸೆಂಟರ್, ಎರಡು ಬದಿಗೆ ಇಬ್ಬರು ವಿಂಗರ್‌ಗಳು ಸೇರಿದರೆ ಒಂದು ಲೈನ್. ಬಲವಾದದ್ದರಿಂದ ಶುರುವಾಗಿ ತಂಡಕ್ಕೆ ಇಂಥ ನಾಲ್ಕು ಲೈನ್‌ಗಳು. ಒಂದೊಂದು ಸಲಕ್ಕೆ ಮುಕ್ಕಾಲು ನಿಮಿಷದಷ್ಟು ಆಡಿ ಬೆಂಚಿಗೆ ಮರಳುತ್ತವೆ.

ನಿಮ್ಮ ತಂಡದಲ್ಲಿ ಆಡಿದ ಇಬ್ಬರು ವಿಂಗರ್‌ಗಳನ್ನೇ ನೋಡಿ. 2013ರಲ್ಲಿ ಡೇವಿಡ್ ಕ್ಲಾರ್ಕ್‌ಸನ್ ನ್ಯೂಜೆರ್ಸಿ ಬಿಟ್ಟು ಲೀಫ್ಸ್‌ಗೆ ಬಂದರು. 7 ವರ್ಷದ ಒಪ್ಪಂದ, ವರ್ಷಕ್ಕೆ ಸರಾಸರಿ 5.25 ಮಿಲಿಯನ್. 2021ರಲ್ಲಿ ಜ್ಯಾಕ್ ಹೈಮನ್ ಲೀಫ್ಸ್ ಬಿಟ್ಟು ಎಡ್ಮಂಟನ್‌ಗೆ ಹೋದರು. ಅವರದೂ 7 ವರ್ಷ, ವರ್ಷಕ್ಕೆ 5.5 ಮಿಲಿಯನ್. ಸಹಿ ಹಾಕಿದಾಗ ಇಬ್ಬರಿಗೂ 29 ವಯಸ್ಸು. ಇಬ್ಬರೂ ಟೊರೊಂಟೊದಲ್ಲೇ ಹುಟ್ಟಿದವರು.

ಕ್ಲಾರ್ಕ್‌ಸನ್ 2011-12ರಲ್ಲಿ 30 ಗೋಲು ಹೊಡೆದಿದ್ದರು. ಅದಕ್ಕೂ ಮೊದಲು ಒಂದು ಸೀಸನ್‌ನಲ್ಲಿ 20 ಕೂಡ ದಾಟಿರಲಿಲ್ಲ. ಆ ಒಂದು ವರ್ಷ ನೋಡಿ ದುಡ್ಡು ಸುರಿದರು. ಟೊರೊಂಟೊದಲ್ಲಿ ಮೊದಲ ಸೀಸನ್‌ಗೆ 60 ಪಂದ್ಯ, 5 ಗೋಲು. ಎರಡನೇ ಸೀಸನ್ ಮುಗಿಯುವ ಮೊದಲೇ ಕೊಲಂಬಸ್‌ಗೆ ಕಳಿಸಿಬಿಟ್ಟರು. ಆಟಗಾರ ಕೆಟ್ಟವನೇನಲ್ಲ. ಕಟ್ಟಿದ ಬೆಲೆ ತಪ್ಪು.

ಹೈಮನ್ ಲೆಕ್ಕ ಬೇರೆ. 2018-19ರಲ್ಲಿ 71 ಪಂದ್ಯಕ್ಕೆ 21 ಗೋಲು, ಮುಂದಿನ ಸೀಸನ್ 51 ಪಂದ್ಯಕ್ಕೇ 21, ಆಮೇಲೆ 43 ಪಂದ್ಯಕ್ಕೆ 15. ಸೆಂಟರ್ ಜಾಗದಲ್ಲಿ ಒಮ್ಮೆ ತವಾರೆಸ್, ಒಮ್ಮೆ ಮ್ಯಾಥ್ಯೂಸ್. ಯಾರ ಪಕ್ಕ ನಿಲ್ಲಿಸಿದರೂ ಆಟ ಕುಸಿಯಲಿಲ್ಲ. ಮೂಲೆಗೆ ನುಗ್ಗಿ ಪಕ್ (ಆಡುವ ರಬ್ಬರ್ ಬಿಲ್ಲೆ) ಕಸಿಯುವುದು, ಗೋಲ್‌ಕೀಪರ್ ಮುಂದೆ ಏಟು ತಿನ್ನುತ್ತಾ ನಿಲ್ಲುವುದು, ತಪ್ಪಿಗೆ ಶಿಕ್ಷೆಯಾಗಿ ತಂಡಕ್ಕೆ ಒಬ್ಬ ಕಮ್ಮಿಯಾದಾಗ ಗೋಲು ಬೀಳದಂತೆ ತಡೆಯುವ ಪೆನಾಲ್ಟಿ ಕಿಲ್‌ಗೆ ಇಳಿಯುವುದು. ಇವ್ಯಾವುದಕ್ಕೂ ಸ್ಕೋರ್ ಪಟ್ಟಿಯಲ್ಲಿ ಕಾಲಂ ಇಲ್ಲ. ನನಗಂತೂ ವಿಂಗರ್‌ನ ನಿಜವಾದ ಬೆಲೆ ಇರುವುದೇ ಇಲ್ಲಿ.

ಎಡ್ಮಂಟನ್‌ನಲ್ಲಿ ತಾರಾ ಸೆಂಟರ್ ಕಾನರ್ ಮೆಕ್‌ಡೇವಿಡ್ ಪಕ್ಕ ಆಡಿ 2023-24ರಲ್ಲಿ ಹೈಮನ್ 54 ಗೋಲು ಹೊಡೆದರು. ಮುಂದಿನ ಸೀಸನ್ ಸರಿಯಾಗಿ ಅರ್ಧ, 27. ತಂಡ ಅದೇ, ಮೆಕ್‌ಡೇವಿಡ್ ಕೂಡ ಅಲ್ಲೇ. ಇವೆರಡರಲ್ಲಿ ಯಾವ ವರ್ಷ ಹಿಡಿದು ಬೆಲೆ ಕಟ್ಟುತ್ತೀರಿ? ಲೈನ್ ಹೊಡೆದ ಗೋಲಲ್ಲಿ ಒಬ್ಬನ ಪಾಲು ಬೇರ್ಪಡಿಸುವುದು, ಉತ್ತ ಸಾಲು ಯಾವ ಎತ್ತಿನದು ಅಂತ ಕೇಳಿದ ಹಾಗೆ. ಎತ್ತಿನ ಜೋಡಿ ಬದಲಿಸಿ ನೋಡಿದರಷ್ಟೇ ಗೊತ್ತಾಗೋದು, ಅಲ್ವಾ?

ಸೆಕೆಂಡ್ ಲೈನ್‌ಗೆ ಇನ್ನೊಂದು ಅನುಕೂಲವಿದೆ. ಎದುರಾಳಿಯ ಒಳ್ಳೆಯ ಡಿಫೆನ್ಸ್ ಜೋಡಿ ಸಾಮಾನ್ಯವಾಗಿ ಫಸ್ಟ್ ಲೈನ್ ಹಿಂದೆ ಬಿದ್ದಿರುತ್ತದೆ. ಆಟ ನಿಂತಾಗ ಕೊನೆಗೆ ಆಟಗಾರರನ್ನು ಬದಲಿಸುವ ಹಕ್ಕು ಮನೆ ತಂಡದ್ದು. ಹಾಗಾಗಿ ತಮ್ಮ ಊರಲ್ಲಿ ಆಡುವಾಗ ಕೋಚ್ ತನ್ನ ಸೆಕೆಂಡ್ ಲೈನನ್ನು ಸುಲಭದ ಎದುರಾಳಿ ಮೇಲೆ ಬಿಡಬಹುದು. ಹೊರಗಿನ ಪಂದ್ಯಗಳಲ್ಲಿ ಆ ಆಸರೆ ಇಲ್ಲ. ಆದ್ದರಿಂದ ಹೊರಗಿನ ಪಂದ್ಯಗಳನ್ನೇ ಬೇರೆ ತೆಗೆದು ನೋಡಿ. ಪವರ್ ಪ್ಲೇ ಗೋಲುಗಳನ್ನೂ (ಎದುರಾಳಿಗೆ ಒಬ್ಬ ಕಮ್ಮಿ ಇದ್ದಾಗ ಹೊಡೆದವು) ಪಕ್ಕಕ್ಕಿಡಿ. ಐವರ ಎದುರು ಐವರು ಆಡುವಾಗ ಏನು ಮಾಡಿದ ಅನ್ನೋದು ಮುಖ್ಯ.

ಇನ್ನು ದುಡ್ಡು. ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ 2013-14ರಲ್ಲಿ 64.3 ಮಿಲಿಯನ್ ಇತ್ತು. 2021-22ರಲ್ಲಿ 81.5. ಅಂದರೆ ಕ್ಲಾರ್ಕ್‌ಸನ್ ಮಿತಿಯ ಶೇ. 8ಕ್ಕಿಂತ ಜಾಸ್ತಿ ನುಂಗಿದರು, ಹೈಮನ್ ಶೇ. 7ಕ್ಕಿಂತ ಕಡಿಮೆ. 2025-26ರ ಮಿತಿ 95.5 ಮಿಲಿಯನ್. ಅದರಲ್ಲಿ ನಿಮ್ಮ 5 ಮಿಲಿಯನ್ ಶೇ. 5ರ ಆಸುಪಾಸು.

ಹೊರಗಿನ ಪಂದ್ಯಗಳಲ್ಲೂ ಚೆನ್ನಾಗಿ ಆಡುವ, ಸೆಂಟರ್ ಬದಲಾದರೂ ಕುಗ್ಗದ ವಿಂಗರ್ ಸಿಕ್ಕರೆ ಆ 5 ಮಿಲಿಯನ್ ನಾನೂ ಕೊಡುತ್ತೇನೆ. ಆದರೆ 29 ದಾಟಿದವನಿಗೆ 7 ವರ್ಷ ಕೊಡುವುದಿಲ್ಲ, ಮೂರೋ ನಾಲ್ಕೋ ಸಾಕು.