ಸಿಸೇರಿಯನ್ ಆದರೆ ಮೂರು ದಿನ ಎದೆಹಾಲು ಇಳಿಯುವುದಿಲ್ಲವೇ? ಅಲ್ಲಿಯತನಕ ಕೂಸಿಗೆ ಏನು ಕುಡಿಸಬೇಕು?

ನಿಮ್ಮ ತಂಗಿಗೆ ಬರುವ ವಾರ ಬಾಗಲಕೋಟೆಯಲ್ಲಿ ಸಿಸೇರಿಯನ್ ನಿಗದಿಯಾಗಿದೆ. "ಹೊಟ್ಟಿ ಕೊಯ್ದವರಿಗೆ ಮೂರ್ ದಿನ ಹಾಲ್ ಇಳಿಯಂಗಿಲ್ಲ, ಡಬ್ಬಿ ಹಾಲು ತಂದಿಟ್ಕೋರಿ" ಎಂದು ಮನೆಯಲ್ಲಿ ಹಿರಿಯರು ಹೇಳುತ್ತಿದ್ದಾರೆ, ತರಬೇಕೋ ಬೇಡವೋ ಎಂದು ಕೇಳಿದ್ದೀರಿ.

ಈಗಲೇ ತಂದಿಡಬೇಡಿ. ಮನೆಯಲ್ಲಿ ಡಬ್ಬಿ ಇದ್ದರೆ ಮೊದಲ ಅಳುವಿಗೇ ಅದರ ಮುಚ್ಚಳ ತೆರೆಯುತ್ತದೆ. ಅದರ ಬದಲು ಒಂದು ಒಳಲೆ ಅಥವಾ ಸಣ್ಣ ಸ್ಟೀಲ್ ಚಮಚ, ಎರಡು ಗಟ್ಟಿ ದಿಂಬು, ರಾತ್ರಿ ಎಚ್ಚರ ಇರಬಲ್ಲ ಒಬ್ಬ ಹೆಣ್ಣುಮಗಳು, ಇಷ್ಟನ್ನು ಹೊಂದಿಸಿಕೊಳ್ಳಿ. ಕೊನೆಯದೇ ಎಲ್ಲಕ್ಕಿಂತ ಮುಖ್ಯ.

ಹಾಲು ಇಳಿಯುವುದಕ್ಕೂ ಹೊಟ್ಟೆಯ ಹೊಲಿಗೆಗೂ ಸಂಬಂಧವಿಲ್ಲ. ಮಾಸು ಹೊರಬಂದ ಮೇಲೆ ಮೈಯಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಇಳಿಯುತ್ತದೆ, ಹಾಲು ಹೆಚ್ಚಾಗಲು ಅದೇ ಸೂಚನೆ. ಕೂಸು ಯಾವ ದಾರಿಯಿಂದ ಬಂದರೂ ಮಾಸಂತೂ ಹೊರಬರುತ್ತದಲ್ಲ. ಎದೆ ತುಂಬಿ ಭಾರವಾಗುವುದು ಸಹಜ ಹೆರಿಗೆಯವರಿಗೂ ಎರಡರಿಂದ ನಾಲ್ಕನೇ ದಿನದಲ್ಲೇ. ಸಿಸೇರಿಯನ್ ಆದವರಿಗೆ ಒಂದು ದಿನ ತಡವಾಗಬಹುದು. ಅದಕ್ಕೆ ಹೆಚ್ಚಾಗಿ ಕಾರಣ ನೋವು, ಕೂಸನ್ನು ಬೇರೆ ಕೋಣೆಯಲ್ಲಿ ಇಡುವುದು, ಮೊದಲ ಸಲ ಎದೆಗೆ ಹಾಕುವುದು ತಡವಾಗುವುದು. ಆದರೆ ಗಿಣ್ಣದಂಥ ಹಳದಿ ಹಾಲು ಬಸುರಿಯಿದ್ದಾಗಲೇ ಎದೆಯಲ್ಲಿ ತಯಾರಿರುತ್ತದೆ. ಮೊದಲ ದಿನ ಕೂಸು ಒಂದು ಸಲಕ್ಕೆ ಕುಡಿಯುವುದು ಬರೀ 2ರಿಂದ 10 ಮಿಲಿ. ಚಹಾ ಚಮಚ ಅಂದರೆ 5 ಮಿಲಿ, ಲೆಕ್ಕ ಹಾಕಿ.

ಆಪರೇಷನ್ನಿನ ಹಿಂದಿನ ದಿನವೇ ಡಾಕ್ಟರ್ ಹತ್ತಿರ ಎರಡು ಮಾತು ಕೇಳಿಕೊಳ್ಳಿ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಸಿಸೇರಿಯನ್ನಿನಲ್ಲಿ ತಾಯಿಗೆ ಎಚ್ಚರ ಇರುತ್ತದೆ. ಹಾಗಾಗಿ ಕೂಸಿನ ಮೈ ಒರೆಸಿ, ಥಿಯೇಟರಿನಲ್ಲೇ ಅಥವಾ ಹೊರಗೆ ತಂದ ಕೂಡಲೇ, ಮೊದಲ ಒಂದು ತಾಸಿನೊಳಗೆ ತಾಯಿಯ ಬರಿ ಎದೆಯ ಮೇಲೆ ಹಾಕಿ ಮೇಲೊಂದು ಬಟ್ಟೆ ಹೊದಿಸಿ ಎಂದು ಕೇಳಿ. ಸಲಾಯಿನ್ ಸೂಜಿಯನ್ನು ಮೊಣಕೈ ಮಡಚುವ ಕಡೆ ಹಾಕಬೇಡಿ ಎನ್ನಿ, ಅಲ್ಲಿದ್ದರೆ ಕೂಸನ್ನು ಹಿಡಿಯಲಿಕ್ಕೇ ಆಗುವುದಿಲ್ಲ. ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ, ತಾಯಿ ಎಚ್ಚರಾಗಿ ಮಾತಿಗೆ ಸರಿಯಾಗಿ ಉತ್ತರ ಕೊಡುವಂತಾದರೆ ಸಾಕು, ಕುಡಿಸಬಹುದು. "ಅರಿವಳಿಕೆ ಹಾಲು" ಎಂದು ಹಿಂಡಿ ಚೆಲ್ಲುವ ಅಗತ್ಯವಿಲ್ಲ.

ಮೊದಲ ಎರಡು ಮೂರು ತಾಸು ಕಾಲು ಜೋಮು ಹಿಡಿದಿರುತ್ತವೆ, ತಾಯಿ ಅಂಗಾತ ಮಲಗಿರುತ್ತಾಳೆ. ಆಗ ಕೂಸನ್ನು ಎದೆಯ ಮೇಲೆ ಅಡ್ಡ ಹಾಕಬೇಕು. ಅದರ ಹೊಟ್ಟೆ ತಾಯಿಯ ಎದೆಗೆ ತಾಗಿರಲಿ, ಕಾಲು ಇನ್ನೊಂದು ಬಗಲಿನ ಕಡೆಗೆ ಇರಲಿ, ಹೊಲಿಗೆಯ ಕಡೆಗೆ ಬೇಡ. ಜೊತೆಗಿರುವವರು ಮಂಚದ ಮಗ್ಗಲಿಗೆ ನಿಂತು ಕೂಸಿನ ಭುಜದ ಹಿಂದೆ ಅಂಗೈ ಕೊಟ್ಟು ಹಿಡಿಯಬೇಕು. ತಲೆಯ ಹಿಂದೆ ಒತ್ತಿದರೆ ಕೂಸು ತಲೆಯನ್ನು ಹಿಂದಕ್ಕೆ ಚೆಲ್ಲುತ್ತದೆ. ಮೊಲೆತೊಟ್ಟು ಮೂಗಿನ ಎದುರಿಗೆ ಬರುವಂತೆ ಹಿಡಿದು ಕಾಯಿರಿ. ಬಾಯಿ ಆಕಳಿಸಿದಷ್ಟು ಅಗಲ ತೆರೆದಾಗ ಕೂಸನ್ನು ಎದೆಗೆ ತನ್ನಿ, ಎದೆಯನ್ನು ಕೂಸಿನ ಬಾಯಿಗೆ ತುರುಕಬೇಡಿ. ಔಷಧಿಯ ಮಂಪರಿಗೆ ತಾಯಿ ಕಣ್ಣು ಮುಚ್ಚಬಹುದು, ಆದ್ದರಿಂದ ಆ ಹೊತ್ತಿನಲ್ಲಿ ಕೂಸನ್ನು ಎದೆಯ ಮೇಲೆ ಬಿಟ್ಟು ಚಹಾ ತರಲು ಹೋಗಬಾರದು. ಮೂಗು ಬಿಚ್ಚಿದೆಯೇ, ಮೈಬಣ್ಣ ಸರಿ ಇದೆಯೇ ಎಂದು ನೋಡುತ್ತಲೇ ಇರಬೇಕು.

ಕಾಲು ಆಡಿದ ಮೇಲೆ ಮಗ್ಗಲಾಗಿ ಮಲಗಿಸಿ. ಬೆನ್ನಿಗೊಂದು ದಿಂಬು, ಹೊಲಿಗೆಯ ಎದುರು ಮಡಚಿದ ಟವೆಲ್, ಮೊಣಕಾಲು ತುಸು ಮಡಚಿರಲಿ. ಕೂತುಕೊಳ್ಳಲು ಬಂದ ಮೇಲೆ ಸುಲಭವಾದದ್ದು ಬಗಲಲ್ಲಿ ಗಂಟು ಹಿಡಿದ ಹಾಗೆ ಕೂಸನ್ನು ಪಕ್ಕಕ್ಕೆ ಹಿಡಿಯುವುದು. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಕೂಸು ಎದೆಯ ಎತ್ತರಕ್ಕೆ ಬರುವಷ್ಟು ದಿಂಬು ಕೆಳಗೆ ಕೊಡಿ, ಇಲ್ಲದಿದ್ದರೆ ತಾಯಿ ಬಗ್ಗಿ ಬಗ್ಗಿ ಬೆನ್ನು ನೋಯಿಸಿಕೊಳ್ಳುತ್ತಾಳೆ. ಇದರಲ್ಲಿ ಆಗುವ ತಪ್ಪು ಒಂದಿದೆ: ಕೂಸಿನ ಅಂಗಾಲು ಹಿಂದಿನ ಗೋಡೆಗೆ ತಾಗಿದರೆ ಅದು ಒದ್ದು ಸೆಟೆದುಕೊಳ್ಳುತ್ತದೆ, ಮೊಲೆ ಬಿಡುತ್ತದೆ. ಎಲ್ಲರೂ "ಒಲ್ಲೆ ಅನ್ನಕತ್ತೈತಿ" ಎನ್ನುತ್ತಾರೆ. ಕುಂಡೆಯನ್ನು ಗೋಡೆಗೆ ತಾಗಿಸಿ ಕಾಲುಗಳನ್ನು ಮೇಲಕ್ಕೆ ಬಿಟ್ಟರೆ ಮುಗಿಯಿತು.

ಸರಿಯಾಗಿ ಹಿಡಿದಿದ್ದರೆ ಗದ್ದ ಎದೆಗೆ ತಾಗಿರುತ್ತದೆ, ಕೆಳತುಟಿ ಹೊರಗೆ ಮಡಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ. ಚಿಟ್ ಚಿಟ್ ಸದ್ದು, ಕೆನ್ನೆಯಲ್ಲಿ ಕುಳಿ, ತಾಯಿಗೆ ಕಚ್ಚಿದಂಥ ನೋವು ಇದ್ದರೆ ತೊಟ್ಟು ಮಾತ್ರ ಬಾಯಲ್ಲಿದೆ ಎಂದರ್ಥ. ಕಿರುಬೆರಳನ್ನು ಬಾಯಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಾಕಿ.

ಕೂಸು ಹಿಡಿಯದಿದ್ದರೆ ಅಥವಾ ಅದನ್ನು ಬೇರೆ ವಾರ್ಡಿನಲ್ಲಿ ಇಟ್ಟಿದ್ದರೆ ಸುಮ್ಮನೆ ಕೂರಬೇಡಿ, ಕೈಯಿಂದ ಹಿಂಡಿ. ತೊಟ್ಟಿನಿಂದ 2-3 ಸೆಂಟಿಮೀಟರ್ ಹಿಂದೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳುಗಳನ್ನು ಒಂದಕ್ಕೊಂದು ಅಮುಕಿ ಬಿಡಿ. ಚರ್ಮದ ಮೇಲೆ ಬೆರಳು ಜಾರಿಸಬೇಡಿ. ಮೊದಲ ಒಂದೆರಡು ನಿಮಿಷ ಏನೂ ಬರುವುದಿಲ್ಲ, ಹೆಚ್ಚಿನವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಆಮೇಲೆ ಹನಿ ಶುರುವಾಗುತ್ತದೆ, ನೇರ ಚಮಚಕ್ಕೇ ಹಿಡಿಯಿರಿ. ಈ ಹಾಲು ಅಂಟು ಅಂಟು, ಪಂಪಿಗೆ ಹಾಕಿದರೆ ಅರ್ಧ ಅದರ ಗೋಡೆಗೇ ಹತ್ತಿಕೊಳ್ಳುತ್ತದೆ. ರಾತ್ರಿಯೂ ಸೇರಿ 24 ತಾಸಿನಲ್ಲಿ 8 ಸಲವಾದರೂ ಹಿಂಡಬೇಕು. ಕೂಸನ್ನು ಅರ್ಧ ಕೂರಿಸಿ, ಚಮಚ ಕೆಳತುಟಿಗೆ ತಾಗಿಸಿ, ಅದೇ ನೆಕ್ಕಲಿ, ಗಂಟಲಿಗೆ ಸುರಿಯಬೇಡಿ.

ಸಲಾಯಿನ್ ಬಹಳ ಹೋಗಿದ್ದರೆ ತೊಟ್ಟಿನ ಸುತ್ತ ನೀರು ತುಂಬಿ ಗಟ್ಟಿಯಾಗಿ, ಕೂಸಿನ ಬಾಯಿಗೆ ಸಿಗುವುದೇ ಇಲ್ಲ. ತೊಟ್ಟಿನ ಬುಡಕ್ಕೆ ಬೆರಳ ತುದಿಗಳಿಟ್ಟು ಒಂದು ನಿಮಿಷ ಒಳಮುಖವಾಗಿ ಒತ್ತಿ ಹಿಡಿದರೆ ಮೆತ್ತಗಾಗುತ್ತದೆ, ಕೂಡಲೇ ಕೂಸನ್ನು ಹಾಕಿ. ತೊಟ್ಟು ಚಪ್ಪಟೆ ಇದ್ದರೆ 10 ಮಿಲಿಯ ಹೊಸ ಸಿರಿಂಜಿನ ಸೂಜಿ ಹಾಕುವ ತುದಿ ಕತ್ತರಿಸಿ, ದಂಡವನ್ನು ಆ ಕತ್ತರಿಸಿದ ಕಡೆಯಿಂದ ತೂರಿಸಿ, ನುಣುಪಾದ ಬಾಯನ್ನು ತೊಟ್ಟಿನ ಮೇಲಿಟ್ಟು ಮೆಲ್ಲಗೆ ಎಳೆದು ಅರ್ಧ ನಿಮಿಷ ಹಿಡಿಯುತ್ತಾರೆ. ಸಿಸ್ಟರ್‌ಗೆ ಕೇಳಿದರೆ ಮಾಡಿಕೊಡುತ್ತಾರೆ.

ನೋವಿನ ಗುಳಿಗೆ ತಪ್ಪಿಸಬೇಡಿ. "ಔಷಧಿ ಹಾಲಿಗೆ ಇಳೀತೈತಿ" ಎಂದು ನೋವು ನುಂಗಿಕೊಂಡರೆ ಹಾಲು ಹರಿಸುವ ಆಕ್ಸಿಟೋಸಿನ್ ಹಾರ್ಮೋನಿಗೇ ತಡೆಯಾಗುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಕುಡಿಸುವ ತಾಯಂದಿರಿಗೆ ನಡೆಯುತ್ತವೆ. ಟ್ರಮಡಾಲ್ ಅಥವಾ ಕೊಡೀನ್ ಬರೆದಿದ್ದರೆ ಬೇರೆ ಕೊಡಿ ಎಂದು ಕೇಳಿ, ಅವು ಕೂಸಿಗೆ ಮಂಪರು ತರಿಸಿ ಉಸಿರು ನಿಧಾನ ಮಾಡಬಲ್ಲವು.

ಎಲ್ಲ ಕೆಡುವುದು ಎರಡನೇ ರಾತ್ರಿ. ಆವತ್ತು ಕೂಸು ತಾಸಿಗೊಮ್ಮೆ ಅಳುತ್ತದೆ, ಎದೆ ಬಿಟ್ಟರೆ ಮತ್ತೆ ಅಳು. ಇದು ಹಾಲಿಲ್ಲದ್ದಕ್ಕಲ್ಲ, ಹೆಚ್ಚು ಹಾಲು ತರಿಸಲು ಕೂಸು ಮಾಡುವ ಕೆಲಸ. ಆಗ ಯಾರೋ 40 ಮಿಲಿ ಡಬ್ಬಿ ಹಾಲು ಕುಡಿಸುತ್ತಾರೆ, ಕೂಸು ನಾಲ್ಕು ತಾಸು ಮಲಗುತ್ತದೆ, ಎಲ್ಲರಿಗೂ ಸಮಾಧಾನ. ಅತ್ತ ನಾಲ್ಕು ತಾಸು ಎದೆಯನ್ನು ಯಾರೂ ಚೀಪಿಲ್ಲ, ಮರುದಿನ ಹಾಲು ಇನ್ನೂ ತಡ. ಅಳುವಿನ ಬದಲು ಉಚ್ಚೆ ಎಣಿಸಿ: ಮೊದಲ ದಿನ 1, ಎರಡನೇ ದಿನ 2, ಮೂರನೇ ದಿನ 3, ಐದಾರನೇ ದಿನದಿಂದ 6ಕ್ಕೂ ಹೆಚ್ಚು. ಕಪ್ಪು ಮಲ ಐದನೇ ದಿನದ ಹೊತ್ತಿಗೆ ಹಳದಿಯಾಗಬೇಕು. ದಿನಕ್ಕೆ 8ರಿಂದ 12 ಸಲ ಕುಡಿಸಿ. ಮೂರು ತಾಸು ಮಲಗಿದರೆ ಬಟ್ಟೆ ಬಿಚ್ಚಿ, ಅಂಗಾಲು ತಿಕ್ಕಿ ಎಬ್ಬಿಸಿ.

ಡಬ್ಬಿ ಹಾಲು ನಿಜಕ್ಕೂ ಬೇಕಾಗುವ ಕೂಸುಗಳಿವೆ. ರಕ್ತದಲ್ಲಿ ಸಕ್ಕರೆ ಇಳಿದದ್ದು, ದಿನ ತುಂಬದೆ ಹುಟ್ಟಿದ್ದು, ತೂಕ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದದ್ದು. ಅದನ್ನು ಮಕ್ಕಳ ಡಾಕ್ಟರ್ ಹೇಳಲಿ, ಎಷ್ಟು ಮಿಲಿ ಎಂದೂ ಅವರೇ ಹೇಳಲಿ, ಬಾಟಲಿ ಬಿಟ್ಟು ಒಳಲೆಯಲ್ಲಿ ಕೊಡಿ.

ಜೇನು, ಸಕ್ಕರೆ ನೀರು, ಔಡಲೆಣ್ಣೆ ಯಾವುದೂ ಬೇಡ. ಜೇನಿನಿಂದ ಕೂಸಿಗೆ ಬಾಟುಲಿಸಮ್ ಎಂಬ, ಮೈ ಸೋಲಿಸುವ ವಿಷಬೇನೆ ತಗಲಬಹುದು, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೂ ಕೂಸಿಗೆ ನೀರು ಬೇಡ, ಎದೆಹಾಲಿನಲ್ಲಿ ಹೆಚ್ಚುಕಡಿಮೆ ನೂರಕ್ಕೆ 87 ಭಾಗ ನೀರೇ. ನೀರು ಬೇಕಾದದ್ದು ಬಾಣಂತಿಗೆ. ಅಳವಿ ಪಾಯಸ, ಅಂಟಿನ ಉಂಡಿ, ಸಬ್ಬಸಗಿ ಪಲ್ಯ ಧಾರಾಳ ಕೊಡಿ, ಆದರೆ "ಬಾಣಂತಿಗೆ ನೀರು ಕಡಿಮಿ" ಎಂಬ ಮಾತು ಮಾತ್ರ ಕೇಳಬೇಡಿ. ಮಂಚದ ಕೆಳಗೆ ಕೆಂಡ ಇಡುವುದೂ ಬೇಡ, ಮುಚ್ಚಿದ ಕೋಣೆಯಲ್ಲಿ ಅದರ ಹೊಗೆ ತಾಯಿ ಕೂಸು ಇಬ್ಬರಿಗೂ ಅಪಾಯ.

ಸಿಸೇರಿಯನ್ ಆದವರ ಮನೆಗೆ ಆಶಾ ಕಾರ್ಯಕರ್ತೆಯ ಭೇಟಿ 7ನೇ ದಿನದಿಂದ ಶುರು, ಆಮೇಲೆ 14, 21, 28, 42. ಅದಕ್ಕೂ ಮೊದಲೇ ಡಿಸ್ಚಾರ್ಜ್ ಆದರೆ ಉಚ್ಚೆ ಎಣಿಸುವುದು ನಿಮ್ಮ ಪಾಲಿನದು. ಕೂಸು ಎಬ್ಬಿಸಿದರೂ ಏಳದಿದ್ದರೆ, ಮೊದಲ ದಿನವೇ ಹಳದಿಯಾದರೆ, ಹಳದಿ ಅಂಗೈ ಅಂಗಾಲಿಗೆ ಇಳಿದರೆ, ತಾಯಿಗೆ ಜ್ವರ ಬಂದರೆ, ಹೊಲಿಗೆ ಕೆಂಪಾಗಿ ಕೀವು ಜಿನುಗಿದರೆ ಆಶಾ ಬರಲೆಂದು ಕಾಯದೆ ಆವತ್ತೇ ಆಸ್ಪತ್ರೆಗೆ ಹೋಗಿ. ಎದೆ ಕೆಂಪಾಗಿ ನೋಯುತ್ತಿದ್ದರೂ ತೋರಿಸಿ, ಆದರೆ ಆ ಕಡೆ ಕುಡಿಸುವುದನ್ನು ಬಿಡಬೇಡಿ.