ಓದುಗರ ಪ್ರಶ್ನೆ: ಶಾಲೆ ಬಿಟ್ಟ ಹುಡುಗರಿಗೆ ವಸತಿ, ಅದಕ್ಕೆ ಸರ್ಕಾರದ ಹಣ

ಪ್ರಶ್ನೆ: ತಂಗಿಯ ಮಗನಿಗೆ 13. ಏಳನೇ ತರಗತಿ ಅರ್ಧಕ್ಕೇ ಬಿಟ್ಟು ಗ್ಯಾರೇಜಿಗೆ ಹೋಗುತ್ತಿದ್ದಾನೆ. ತಂದೆ ತೀರಿಕೊಂಡಿದ್ದಾರೆ, ತಂಗಿ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುತ್ತಾಳೆ. ಊಟ, ವಸತಿ, ಓದು ಮೂರೂ ಸಿಗುವ ಸರ್ಕಾರಿ ಜಾಗ ಇದೆಯೇ?
— ಓದುಗರು, ಲಗ್ಗೆರೆ

ಉತ್ತರ: ಇದೆ. ಆದರೆ ನೇರವಾಗಿ ಹಾಸ್ಟೆಲ್ ಬಾಗಿಲಿಗೆ ಹೋಗಬೇಡಿ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಮಕ್ಕಳನ್ನು ಸೇರಿಸಿಕೊಳ್ಳುವುದು ಆರನೇ ತರಗತಿಗೆ, ಪ್ರವೇಶ ಪರೀಕ್ಷೆಯ ಮೇಲೆ. ಆ ಗಾಡಿ ಈ ಹುಡುಗನಿಗೆ ತಪ್ಪಿಹೋಗಿದೆ. ಉಳಿದಿರುವ ದಾರಿ ಮಕ್ಕಳ ಕಲ್ಯಾಣ ಸಮಿತಿ, ಅಂದರೆ ರಕ್ಷಣೆ ಬೇಕಾದ ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಜಿಲ್ಲಾ ಮಟ್ಟದ ಸಮಿತಿ. 14 ತುಂಬದ ಮಗು ಗ್ಯಾರೇಜಿನಲ್ಲಿ ದುಡಿಯುವುದು ಕಾನೂನುಬಾಹಿರ. ಹಾಗಾಗಿ ಬಾಲನ್ಯಾಯ ಕಾಯ್ದೆ, 2015ರ ಪ್ರಕಾರ ಅವನು 'ಪೋಷಣೆ ಮತ್ತು ರಕ್ಷಣೆಯ ಅಗತ್ಯವಿರುವ ಮಗು'. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಇಲ್ಲವೇ ತಾಯಿಯೇ ಮಗನನ್ನು ಸಮಿತಿಯ ಮುಂದೆ ಕರೆದೊಯ್ಯಲಿ. ಕೇಸು ತನ್ನ ಮೇಲೇ ಬಿದ್ದೀತೆಂದು ಎಷ್ಟೋ ತಾಯಂದಿರು ಹಿಂಜರಿಯುತ್ತಾರೆ. ಮೊದಲ ಸಲ ಸಿಕ್ಕಿಬಿದ್ದರೆ ಪೋಷಕರಿಗೆ ಶಿಕ್ಷೆಯಿಲ್ಲ. ಸಿಕ್ಕಿಹಾಕಿಕೊಳ್ಳುವವರು ಗ್ಯಾರೇಜ್ ಮಾಲೀಕರು.

ಆಧಾರ್, ರೇಷನ್ ಕಾರ್ಡ್, ತಂದೆಯ ಮರಣ ಪ್ರಮಾಣಪತ್ರ, ಶಾಲೆಯ ದಾಖಲೆ ಇದ್ದರೆ ಜೊತೆಗಿರಲಿ. ಸಮಿತಿ ಹೇಳಿದ ಮೇಲೆ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ (ಮಗುವಿನ, ಮನೆಯ ಪರಿಸ್ಥಿತಿ ವಿಚಾರಿಸಿ ಬರೆಯುವ ವರದಿ) ಆಗಬೇಕು. ಅಂತಿಮ ಆದೇಶಕ್ಕೆ ನಾಲ್ಕು ತಿಂಗಳ ಗಡುವಿದೆ. ಅಲ್ಲಿಯವರೆಗೆ ಹುಡುಗ ಬಾಲಮಂದಿರದಲ್ಲೋ (ಇಂಥ ಮಕ್ಕಳಿಗಾಗಿ ಇರುವ ಸರ್ಕಾರಿ ವಸತಿ) ತಾಯಿಯ ಬಳಿಯೋ ಇರಬಹುದು.

ಎರಡು ಕಡೆ ಎಡವುತ್ತಾರೆ. ಒಂದು, ಹಳೆಯ ಶಾಲೆಯ ಸ್ಯಾಟ್ಸ್ (ಶಿಕ್ಷಣ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ಪಟ್ಟಿ) ದಾಖಲೆಯಲ್ಲಿ ಹುಡುಗನ ಹೆಸರು ಹಾಗೇ ಉಳಿದಿರುತ್ತದೆ. ಅಲ್ಲಿಂದ ವರ್ಗಾವಣೆ ಆಗದೆ ಹೊಸ ಶಾಲೆಯ ದಾಖಲಾತಿ ಸಿಕ್ಕಿಕೊಳ್ಳುತ್ತದೆ. ಮುಖ್ಯೋಪಾಧ್ಯಾಯರನ್ನು ಈಗಲೇ ಕಂಡು ಬನ್ನಿ. ಇನ್ನೊಂದು, ಓದದೇ ಸಹಿ ಹಾಕುವುದು. ಮಗುವನ್ನು ಬಿಟ್ಟುಕೊಡುವ ಪತ್ರ ದತ್ತು ಕೊಡುವವರಿಗೆ. ವಸತಿಗೆ ಅದು ಬೇಕಿಲ್ಲ.

ಮನೆಯಲ್ಲೇ ಇದ್ದು ಓದಬಲ್ಲ ಎಂದಾದರೆ ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವವನ್ನು (ಮನೆಯಲ್ಲಿರುವ ಮಗುವಿಗೆ ಸಿಗುವ ಸಹಾಯಧನ) ಮೊದಲು ಕೇಳಿ: ತಿಂಗಳಿಗೆ 4,000 ರೂ. ನಗರದಲ್ಲಿ ಕುಟುಂಬದ ವರಮಾನ ವರ್ಷಕ್ಕೆ 96,000 ರೂ. ಮೀರಬಾರದು, ಅಂದರೆ ತಿಂಗಳಿಗೆ 8,000. ಬೆಂಗಳೂರಿನಲ್ಲಿ ಪಿಎಫ್ ಹಿಡಿಯುವ ಹೌಸ್‌ಕೀಪಿಂಗ್ ಸಂಬಳವೇ ಅದನ್ನು ದಾಟುತ್ತದೆ. ಈ ಮಿತಿ ಹಾಕಿದವರು ಇಲ್ಲಿ ಬಾಡಿಗೆ ಕಟ್ಟಿ ಬದುಕಿದವರಲ್ಲ. ಆದರೂ ಆದಾಯ ಪ್ರಮಾಣಪತ್ರ ಮಾಡಿಸಿಕೊಂಡು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಅರ್ಜಿ ಕೊಟ್ಟು ನೋಡಿ.

ಪ್ರಶ್ನೆ: ನಮ್ಮ ಟ್ರಸ್ಟ್ ಬಾಡಿಗೆ ಮನೆಯಲ್ಲಿ 20 ಹುಡುಗರನ್ನು ಇಟ್ಟುಕೊಂಡು ಶಾಲೆಗೆ ಕಳಿಸುತ್ತಿದೆ. ಸರ್ಕಾರದ ಅನುದಾನ ಸಿಗುತ್ತದೆಯೇ?
— ಟ್ರಸ್ಟ್ ಕಾರ್ಯದರ್ಶಿ, ಪೀಣ್ಯ

ಉತ್ತರ: ಅನುದಾನದ ಮಾತು ಆಮೇಲೆ, ಬಾಲನ್ಯಾಯ ಕಾಯ್ದೆಯಡಿ ನೋಂದಣಿ ಆಗಿದೆಯೇ? ರಕ್ಷಣೆ ಬೇಕಾದ ಮಕ್ಕಳನ್ನು ನೋಂದಣಿ ಇಲ್ಲದೆ ಇಟ್ಟುಕೊಂಡರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಅಥವಾ ಕನಿಷ್ಠ ಒಂದು ಲಕ್ಷ ದಂಡ, ಅಥವಾ ಎರಡೂ. ಸದುದ್ದೇಶ ಇತ್ತು ಎಂಬುದು ಇಲ್ಲಿ ನೆರವಿಗೆ ಬರುವುದಿಲ್ಲ. ನೋಂದಣಿಯ ಅವಧಿ ಐದು ವರ್ಷ. ತಪಾಸಣೆಗೆ ಬಂದವರು ಅಳತೆ ನೋಡುತ್ತಾರೆ: ಮಲಗುವ ಕೋಣೆಯಲ್ಲಿ ಮಗುವಿಗೆ 40 ಚದರಡಿ, ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಸ್ನಾನದ ಮನೆ. ನಿಮ್ಮ ಲೆಕ್ಕದಲ್ಲಿ 800 ಚದರಡಿ, ಮೂರು ಶೌಚಾಲಯ, ಎರಡು ಬಚ್ಚಲು. ಬಾಡಿಗೆ ಮನೆಗಳು ಸಾಮಾನ್ಯವಾಗಿ ಶೌಚಾಲಯದಲ್ಲೇ ಸೋಲುತ್ತವೆ.

ಮಿಷನ್ ವಾತ್ಸಲ್ಯದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಪಾಲನಾ ವೆಚ್ಚ ಮಗುವಿಗೆ ತಿಂಗಳಿಗೆ 3,000 ರೂ., ಅಂದರೆ ದಿನಕ್ಕೆ ನೂರು. ತಿಂಡಿ, ಎರಡು ಊಟ, ಬಟ್ಟೆ, ಸೋಪು, ಎಣ್ಣೆ ಎಲ್ಲವೂ ಅದರಲ್ಲೇ ಆಗಬೇಕು. ಸಮಿತಿಯ ಆದೇಶದೊಂದಿಗೆ ಬಂದ ಮಕ್ಕಳಷ್ಟೇ ಈ ಲೆಕ್ಕಕ್ಕೆ ಬರುತ್ತಾರೆ. ಪರಿಚಯದವರು ತಂದು ಬಿಟ್ಟ ಹುಡುಗನಿಗೆ ಹಣ ಬರುವುದಿಲ್ಲ. ಈಗಿರುವ 20 ಮಂದಿಯನ್ನೂ ಸಮಿತಿಯ ಮುಂದೆ ಹಾಜರುಪಡಿಸಿ. ಕೆಲವರನ್ನು ಮನೆಗೇ ಕಳಿಸಿ ಎಂದು ಆದೇಶವಾದೀತು, ಅದಕ್ಕೂ ಸಿದ್ಧರಿರಿ. ಹಣ ಬರುವುದು ಕಂತಿನಲ್ಲಿ; ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನದೂ ತಡ. ದಿನಸಿ ಅಂಗಡಿಯ ಸಾಲದ ಮೇಲೆ ವಸತಿ ನಡೆಸಲಾಗದು. ಮೂರು ತಿಂಗಳ ಖರ್ಚಾದರೂ ಕೈಯಲ್ಲಿಟ್ಟುಕೊಳ್ಳಿ.

ಪ್ರಶ್ನೆ: ಬಾಲಮಂದಿರದಲ್ಲಿರುವ ಮಗನನ್ನು ಹಬ್ಬಕ್ಕೆ ಮನೆಗೆ ಕರೆತರಬಹುದೇ?
— ತಾಯಿ, ಕೆಂಗೇರಿ

ಉತ್ತರ: ಬಹುದು. ಸಮಿತಿಯ ಅನುಮತಿ ಬೇಕು. ರಜೆ ಸಾಮಾನ್ಯವಾಗಿ ಒಂದು ಸಲಕ್ಕೆ ಏಳು ದಿನ ಮೀರುವಂತಿಲ್ಲ, ಪ್ರಯಾಣದ ಸಮಯ ಬೇರೆ. ಹಬ್ಬದ ಹಿಂದಿನ ದಿನ ಹೋಗಿ ನಿಂತರೆ ಆಗದು. ಸಮಿತಿ ದಿನವೂ ಕೂರುವುದಿಲ್ಲವಾದ್ದರಿಂದ ಎರಡು ವಾರ ಮೊದಲೇ ಅಧೀಕ್ಷಕರ ಮೂಲಕ ಅರ್ಜಿ ಕೊಡಿ.